ಯಳಂದೂರಿನ ಜಹಗೀರುದಾರರು: ದಿವಾನ್ ಪೂರ್ಣಯ್ಯನವರೂ ಸಿಡುಬಿನ ಲಸಿಕೆಯೂ

ಹೊನ್ನುಹೊಳೆಯ ದಡದ ಯಳಂದೂರಿಗೆ ಹೋದವರು ಬಳೇಮಂಟಪದ ಕಲ್ಲಿನ ಬಳೆಗಳನ್ನು ಕಂಡು ಬೆರಗಾಗಿ, ಸಂಚಿಯ ಹೊನ್ನಮ್ಮನನ್ನು ನೆನೆದು, ಕೊನೆಗೆ ಜಹಗೀರುದಾರರ ಬಂಗಲೆಯ ಮುಂದೆ ಕ್ಷಣಕಾಲ ನಿಂತು ಹಿಂದಿರುಗುವುದು ವಾಡಿಕೆ. ಆ ಬಂಗಲೆಯ ವಂಶಕ್ಕೆ ಮೂಲಪುರುಷರಾದ ದಿವಾನ್ ಪೂರ್ಣಯ್ಯನವರ ಹೆಸರನ್ನು ಅರಿಯದ ಕನ್ನಡಿಗರಿಲ್ಲ. ಮೂವರು ಪ್ರಭುಗಳ ಸೇವೆ ಮಾಡಿದವರೆಂದು ಕೆಲವರು ಅವರನ್ನು ಕೊಂಡಾಡುವರು. ಅದೇ ಕಾರಣಕ್ಕಾಗಿ ಕೆಲವರು ಹಳಿಯುವರು. ಸೇತುವೆ, ಬೊಕ್ಕಸ, ಕಂದಾಯ ಇವುಗಳ ಮಾತು ಬಂದಾಗಲೆಲ್ಲ ಅವರ ಹೆಸರು ಬರುತ್ತದೆ. ಆದರೆ ಅವರ ದಿವಾನಗಿರಿಯ ಕಾಲದಲ್ಲಿ ಮೈಸೂರು ಅರಮನೆಯೊಳಗೆ ಸುಮಾರು ಹನ್ನೆರಡು ವಯಸ್ಸಿನ ರಾಣಿಯೊಬ್ಬರ ತೋಳಿಗೆ ಸಿಡುಬಿನ ಲಸಿಕೆ ಹಾಕಿದ ಸಂಗತಿಯನ್ನು ಹೇಳುವವರು ವಿರಳ. ನಮ್ಮ ಅಭಿಪ್ರಾಯದಲ್ಲಿ ರಾಜ್ಯಭಾರದ ಮರ್ಮವನ್ನು ತಿಳಿಯಬಯಸುವವರಿಗೆ ಈ ಚಿಕ್ಕ ಸಂಗತಿಯಲ್ಲಿ ದೊಡ್ಡ ಪಾಠವಿದೆ. ಆದಕಾರಣ ಪೂರ್ಣಯ್ಯನವರ ಚರಿತ್ರೆಯನ್ನು ಈ ದೃಷ್ಟಿಯಿಂದ ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಪೂರ್ಣಯ್ಯನವರು ಜನಿಸಿದ್ದು 1746ನೆಯ ಇಸವಿಯಲ್ಲಿ, ತಮಿಳು ಸೀಮೆಯಲ್ಲಿ ನೆಲಸಿದ್ದ ಒಂದು ಮಾಧ್ವ ಬ್ರಾಹ್ಮಣ ಕುಟುಂಬದಲ್ಲಿ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರಿಗೆ ಆಸ್ತಿಯಾಗಲಿ ದೊಡ್ಡವರ ಆಶ್ರಯವಾಗಲಿ ಇರಲಿಲ್ಲ. ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯುವ ಚಾಕರಿಯಿಂದ ಅವರ ಜೀವನವು ಪ್ರಾರಂಭವಾಯಿತು. ಲೆಕ್ಕದಲ್ಲಿ ಒಂದು ಕಾಸೂ ತಪ್ಪದ ಎಚ್ಚರ, ಒಮ್ಮೆ ಕಂಡುದನ್ನು ಮರೆಯದ ನೆನಪು, ಮುತ್ತಿನಂಥ ಅಕ್ಷರ, ಇವೇ ಅವರ ಬಂಡವಾಳ. ಆ ಬಂಡವಾಳವು ಅವರನ್ನು ಹೈದರಾಲಿಯ ಸರಕಾರದವರೆಗೆ ಕರೆದೊಯ್ದಿತು. ಓದುಬರಹವನ್ನರಿಯದ ಹೈದರನಿಗೆ ಜನರ ಯೋಗ್ಯತೆಯನ್ನು ಅಳೆಯುವ ಕಣ್ಣು ಅಸಾಧಾರಣವಾಗಿತ್ತು. ಸ್ವಲ್ಪ ಕಾಲದಲ್ಲಿಯೇ ಪೂರ್ಣಯ್ಯನವರು ಹಣಕಾಸಿನ ಮುಖ್ಯಾಧಿಕಾರಿಗಳಲ್ಲಿ ಒಬ್ಬರಾದರು.

1782ನೆಯ ಡಿಸೆಂಬರಿನಲ್ಲಿ ಹೈದರನು ಚಿತ್ತೂರಿನ ಬಳಿಯ ದಂಡಿನಲ್ಲಿ ಮರಣಹೊಂದಿದಾಗ ಅವನ ಮಗ ಟಿಪ್ಪುವು ದೂರದ ಮಲೆಯಾಳ ಸೀಮೆಯಲ್ಲಿದ್ದನು. ಸುದ್ದಿಯು ಹೊರಬಿದ್ದಿದ್ದರೆ ಸೈನ್ಯವು ಒಡೆದು ರಾಜ್ಯವು ಶತ್ರುಗಳ ಪಾಲಾಗುವ ಸಂಭವವಿತ್ತು. ಪೂರ್ಣಯ್ಯ, ಕೃಷ್ಣರಾಯ ಮೊದಲಾದ ಅಧಿಕಾರಿಗಳು ಮರಣವಾರ್ತೆಯನ್ನು ಗುಟ್ಟಾಗಿಟ್ಟು, ಶವವನ್ನು ಪೆಟ್ಟಿಗೆಯಲ್ಲಿ ಸಾಗಿಸಿ, ಟಿಪ್ಪುವು ಬಂದು ಸೇರುವವರೆಗೆ ಎಲ್ಲ ಕಾರ್ಯಗಳನ್ನೂ ಎಂದಿನಂತೆಯೇ ನಡೆಯಿಸಿದರು. ಅಲ್ಲಿಂದ ಹದಿನಾರು ವರ್ಷಗಳಿಗೂ ಮಿಕ್ಕು ಅವರು ಟಿಪ್ಪುವಿನ ಸರಕಾರದಲ್ಲಿದ್ದರು. 1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪುವು ರಣದಲ್ಲಿ ಮಡಿದನು. ಅದೇ ಜೂನ್ 30ರಂದು ಐದು ವರ್ಷವೂ ತುಂಬದಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯನವರು ದಿವಾನರಾದರು. ಹಳೆಯ ಪ್ರಭುವಿನ ಮಂತ್ರಿಯು ಅವನನ್ನು ಗೆದ್ದವರ ಕೈಯಿಂದ ಅಧಿಕಾರ ಪಡೆದುದು ಉಚಿತವೇ ಎಂಬ ಪ್ರಶ್ನೆಯನ್ನು ಆಗಿನಿಂದ ಈಗಿನವರೆಗೂ ಜನರು ಕೇಳುತ್ತಲೇ ಬಂದಿದ್ದಾರೆ. ಪ್ರಶ್ನೆಯು ನ್ಯಾಯವಾದುದೇ. ಆದರೆ ಸುಲ್ತಾನನು ಹೋದ ಮರುದಿನವೂ ರೈತನು ಉಳಬೇಕಾಗಿತ್ತು, ಕೆರೆಯ ಏರಿಯನ್ನು ಯಾರಾದರೂ ಕಟ್ಟಬೇಕಾಗಿತ್ತು ಎಂಬುದನ್ನು ತೀರ್ಪು ಕೊಡುವವರು ಮರೆಯಬಾರದು.

ಯುದ್ಧಗಳಿಂದ ಬಡವಾಗಿದ್ದ ದೇಶವನ್ನು ಹನ್ನೆರಡು ವರ್ಷಗಳ ಕಾಲ ಪೂರ್ಣಯ್ಯನವರು ಆಳಿದರು. ಕೆರೆಕಾಲುವೆಗಳನ್ನು ದುರಸ್ತಿ ಮಾಡಿಸಿದರು, ರಸ್ತೆಗಳನ್ನು ಹಾಕಿಸಿದರು. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲುಕಂಬಗಳ ಸೇತುವೆಯನ್ನು ಕಟ್ಟಿಸಿದರು. ಅದು 1804ರಲ್ಲಿ ಪೂರ್ತಿಯಾಗಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನು ಪಡೆಯಿತು. ಕಾವೇರಿಯ ನೀರನ್ನು ಮೈಸೂರು ಪಟ್ಟಣಕ್ಕೆ ತರಲು ಅವರು ತೋಡಿಸಿದ ನಾಲೆಯು ಮಾತ್ರ ಮುಗಿಯದೆ ನಿಂತುಹೋಗಿ, ಪೂರ್ಣಯ್ಯನ ನಾಲೆಯೆಂಬ ಹೆಸರನ್ನಷ್ಟೇ ಉಳಿಸಿತು. ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮೀರಿದ ಹಣವನ್ನು ಅವರು ಕೂಡಿಟ್ಟರೆಂದು ಹಳೆಯ ಗ್ಯಾಸೆಟಿಯರು ಹೇಳುತ್ತದೆ. ಹಣವನ್ನು ಕೂಡಿಡಲು ರೈತನ ಮೇಲೆ ಬಿದ್ದ ಭಾರವೆಷ್ಟೆಂದು ಕೇಳುವ ವಿಮರ್ಶಕರೂ ಇದ್ದಾರೆ.

ಈ ಕಾಲದಲ್ಲಿ ನಮ್ಮ ಸೀಮೆಯ ಸ್ಥಿತಿಯು ವಿಚಿತ್ರವಾಗಿತ್ತು. 1799ರ ಹಂಚಿಕೆಯಲ್ಲಿ ಕೊಯಮತ್ತೂರು ಪ್ರಾಂತವು ಕುಂಪಣಿಯ ವಶವಾಯಿತು; ಅದರೊಡನೆ ಕೊಳ್ಳೇಗಾಲವೂ, ಹನೂರು, ಬಂಡಳ್ಳಿ ಮೊದಲಾದ ಕನ್ನಡದ ಊರುಗಳೂ ಮದರಾಸಿನ ಆಡಳಿತಕ್ಕೆ ಸೇರಿದುವು. ಪಕ್ಕದ ಯಳಂದೂರು ಮೈಸೂರಿನಲ್ಲಿಯೇ ಉಳಿಯಿತು. ಒಂದೇ ಮಾತು, ಒಂದೇ ಸಂತೆ, ಒಂದೇ ಮಹದೇಶ್ವರನ ಜಾತ್ರೆಯಿದ್ದ ಜನರ ನಡುವೆ ಎಳೆದ ಆ ಗೆರೆಯು 1956ನೆಯ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲವು ಮೈಸೂರಿಗೆ ಬಂದು ಸೇರಿದಾಗಲೇ ಅಳಿಸಿತು. ಮನುಷ್ಯರು ಎಳೆದ ಗೆರೆಯನ್ನು ವ್ಯಾಧಿಗಳು ಲೆಕ್ಕಿಸುವುದಿಲ್ಲ. ಯಳಂದೂರಿನ ಸಂತೆಯಲ್ಲಿ ಹತ್ತಿದ ಸಿಡುಬು ಬಂಡಳ್ಳಿಯ ಕೇರಿಯನ್ನು ಸೇರಲು ಯಾರ ರಹದಾರಿಯನ್ನೂ ಕೇಳಬೇಕಾಗಿರಲಿಲ್ಲ.

ಸಿಡುಬು ಎಂದರೇನೆಂಬುದನ್ನು ಈಗಿನ ಯುವಕರಿಗೆ ವಿವರಿಸಿ ಹೇಳಬೇಕಾಗಿದೆ. ಇದು ಸಂತೋಷದ ವಿಷಯ. ಉಸಿರಿನಿಂದಲೂ ಸ್ಪರ್ಶದಿಂದಲೂ ಹರಡುವ ವೈರಸ್ಸಿನಿಂದ ಬರುವ ಈ ರೋಗದಲ್ಲಿ ಮೊದಲು ತೀವ್ರವಾದ ಜ್ವರವೂ, ಅನಂತರ ಮೈತುಂಬ ಕೀವುಗುಳ್ಳೆಗಳೂ ಏಳುತ್ತಿದ್ದುವು. ಹತ್ತಿದವರಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಒಬ್ಬರು ಸಾಯುತ್ತಿದ್ದರು. ಬದುಕಿದವರಲ್ಲಿ ಅನೇಕರಿಗೆ ಮುಖದ ಮೇಲೆ ಕಲೆಗಳು ಉಳಿದರೆ ಕೆಲವರಿಗೆ ಕಣ್ಣೇ ಹೋಗುತ್ತಿತ್ತು. ನಮ್ಮ ಜನರು ಅದನ್ನು ಅಮ್ಮನೆಂದು ಕರೆದರು. ಮನೆಗೆ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆಯ ವಾಸನೆ ಬಾರದಂತೆ ನೋಡಿಕೊಂಡು, ತಂಪಿನ ಆಹಾರವನ್ನು ಕೊಟ್ಟು, ಮಾರಮ್ಮನ ಗುಡಿಗೆ ತಂಬಿಟ್ಟಿನಾರತಿಯನ್ನು ಹೊತ್ತರು. ಔಷಧವೇ ಇಲ್ಲದ ರೋಗದೆದುರು ರೋಗಿಯನ್ನು ಬಿಟ್ಟೋಡದೆ ಭಯಭಕ್ತಿಯಿಂದ ಆರೈಕೆ ಮಾಡುವುದಕ್ಕೆ ಜನರು ಕಂಡುಕೊಂಡ ದಾರಿ ಅದಾಗಿತ್ತು. ಅದನ್ನು ನಾವು ಪರಿಹಾಸ ಮಾಡಲಾರೆವು. ಅಮ್ಮನು ಬಡವರ ಗುಡಿಸಲಿಗೆ ಮಾತ್ರ ಬಂದವಳಲ್ಲ. ಮುಮ್ಮಡಿಯವರ ತಂದೆಯವರಾದ ಚಾಮರಾಜ ಒಡೆಯರು 1796ರಲ್ಲಿ ಸಿಡುಬಿನಿಂದಲೇ ತೀರಿಕೊಂಡರು. ಆಗ ಮಗುವಿಗೆ ಎರಡು ವರ್ಷವೂ ತುಂಬಿರಲಿಲ್ಲ.

ದೈವಯೋಗವೋ ಎಂಬಂತೆ ಅದೇ 1796ನೆಯ ಮೇ 14ರಂದು ಇಂಗ್ಲೆಂಡಿನ ಹಳ್ಳಿಯ ವೈದ್ಯನಾದ ಎಡ್ವರ್ಡ್ ಜೆನ್ನರನು ತನ್ನ ಪ್ರಸಿದ್ಧವಾದ ಪರೀಕ್ಷೆಯನ್ನು ಮಾಡಿದನು. ಹಸುವಿನ ಕೆಚ್ಚಲಿಗೆ ಬರುವ ಸಿಡುಬು ತಗುಲಿದ ಹಾಲುಗಾರ್ತಿಯರಿಗೆ ಮನುಷ್ಯರ ಸಿಡುಬು ಬರುವುದಿಲ್ಲವೆಂದು ಹಳ್ಳಿಗರು ಹೇಳುತ್ತಿದ್ದರು. ಅಂಥ ಒಬ್ಬಳ ಕೈಯ ಗುಳ್ಳೆಯಿಂದ ರಸವನ್ನು ತೆಗೆದು ಅವನು ಎಂಟು ವರ್ಷದ ಹುಡುಗನೊಬ್ಬನ ತೋಳಿಗೆ ಸೇರಿಸಿದನು. ಆರೇಳು ವಾರಗಳ ತರುವಾಯ ನಿಜವಾದ ಸಿಡುಬಿನ ಕೀವನ್ನೇ ಅವನಿಗೆ ಹಾಕಿ ನೋಡಿದನು. ರೋಗವು ಬರಲಿಲ್ಲ. 1798ರಲ್ಲಿ ಇಂಥ ಇಪ್ಪತ್ತಮೂರು ಸಂದರ್ಭಗಳ ವಿವರವನ್ನು ಅಚ್ಚುಹಾಕಿಸಿದನು. ರೋಗಿಗಳ ಪಕ್ಕದಲ್ಲಿಯೇ ನಡೆಯುವ ಸಂಶೋಧನೆಯ ಇತಿಹಾಸದಲ್ಲಿ ಇದೊಂದು ಮಹತ್ವದ ದಿನವೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಹುಡುಗನು ತೋಟದ ಕೂಲಿಯವನ ಮಗನೆಂಬುದನ್ನೂ ಗಮನಿಸಬೇಕು. ಹೊಸ ಔಷಧದ ಅಪಾಯವನ್ನು ಮೊದಲು ಹೊರುವುದು ಬಡವನ ಮೈ, ಅದರ ಫಲವನ್ನು ಮೊದಲು ಉಣ್ಣುವುದು ಸಿರಿವಂತನ ಮೈ, ಎಂಬುದು ಲೋಕದ ಹಳೆಯ ರೂಢಿ.

ಲಸಿಕೆಯು ವಿಯೆನ್ನಾದಿಂದ ಬಾಗ್ದಾದು, ಬಸ್ರಾಗಳ ಮಾರ್ಗವಾಗಿ 1802ರಲ್ಲಿ ಮುಂಬಯಿಯನ್ನು ತಲಪಿತು. ಆ ಜೂನ್ 14ರಂದು ಅಲ್ಲಿ ಮೂರು ವರ್ಷದ ಒಂದು ಹೆಣ್ಣು ಮಗುವಿಗೆ ಹಾಕಿದುದು ಫಲಿಸಿತು. ಆ ಮಗುವಿನ ತೋಳಿನಿಂದ ಹೊರಟ ಲಸಿಕೆಯೇ ಹಿಂದೂಸ್ಥಾನದಲ್ಲೆಲ್ಲ ಹರಡಿತು. ಆಗ ಮಂಜಿನ ಪೆಟ್ಟಿಗೆಗಳಾಗಲಿ ಗಾಜಿನ ಕೊಳವೆಗಳ ಭದ್ರತೆಯಾಗಲಿ ಇರಲಿಲ್ಲ. ಒಬ್ಬರ ತೋಳಿನಲ್ಲಿ ಎಂಟನೆಯ ದಿನ ತುಂಬಿ ನಿಂತ ಗುಳ್ಳೆಯ ರಸವನ್ನು ಮತ್ತೊಬ್ಬರ ತೋಳಿಗೆ ಹಾಕಬೇಕಾಗಿತ್ತು. ಹೀಗೆ ವಾರವಾರವೂ ಹೊಸ ತೋಳುಗಳು ದೊರೆಯದೆ ಹೋದರೆ ಲಸಿಕೆಯ ಬಳ್ಳಿಯೇ ಒಣಗಿಹೋಗುತ್ತಿತ್ತು. ಹೆತ್ತವರ ಮನಸ್ಸನ್ನು ಒಲಿಸಿಕೊಳ್ಳದೆ ಈ ಕಾರ್ಯವು ಒಂದು ತಿಂಗಳೂ ನಡೆಯುವಂತಿರಲಿಲ್ಲ.

ಜನರಾದರೋ ಹಿಂಜರಿದರು. ಅನ್ಯರ ಮೈಯ ರಸವನ್ನು ತಮ್ಮ ಮಗುವಿನ ಮೈಗೆ ಸೇರಿಸುವುದೆಂದರೆ ಜಾತಿಯ ಪ್ರಶ್ನೆ ಬಂತು. ಅಮ್ಮನ ಕೋಪದ ಭಯ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ನಿನ್ನೆ ಫಿರಂಗಿಗಳೊಡನೆ ಬಂದ ಪರದೇಶದವರು ಇಂದು ಚೂರಿಯ ಮೊನೆಯೊಡನೆ ಬಂದು ಪರೋಪಕಾರದ ಮಾತನ್ನಾಡಿದರೆ ನಂಬುವುದು ಹೇಗೆಂಬ ಶಂಕೆ ಬಂತು. ಈ ಭಯವನ್ನೆಲ್ಲ ಮೌಢ್ಯವೆಂದು ತಳ್ಳಿಬಿಡುವುದು ಸರಿಯಲ್ಲ. ತೋಳಿನಿಂದ ತೋಳಿಗೆ ಹಾಕುವ ಕ್ರಮದಲ್ಲಿ ಬೇರೆ ರೋಗಗಳೂ ದಾಟಬಹುದೆಂಬುದು ಮುಂದೆ ವೈದ್ಯರಿಗೇ ಮನವರಿಕೆಯಾಯಿತು. ಇಂಗ್ಲೆಂಡಿನಲ್ಲಿಯೇ 1898ರ ಕಾನೂನು ಆ ಕ್ರಮವನ್ನು ನಿಲ್ಲಿಸಿತು. ಅನಂತರ ಕರುಗಳ ಮೈಮೇಲೆ ಬೆಳೆಸಿದ ಲಸಿಕೆಯು ಎಲ್ಲೆಡೆಯೂ ಬಳಕೆಗೆ ಬಂತು. ಬೆಳಗಾವಿಯ ವ್ಯಾಕ್ಸಿನ್ ಡಿಪೋ ಎಂಬ ಸ್ಥಳದ ಹೆಸರು ಆ ಕಾಲದ ನೆನಪಾಗಿ ಉಳಿದಿದೆ.

ಮೈಸೂರಿನಲ್ಲಿ ಈ ಸಂಶಯದ ಗೋಡೆಯು ಸಡಿಲವಾದುದು 1806ರ ಸುಮಾರಿಗೆ. ಬಾಲಕರಾಗಿದ್ದ ಮಹಾರಾಜರ ವಿವಾಹಕಾಲದಲ್ಲಿ ಅರಮನೆಗೆ ಬಂದ ದೇವಾಜಮ್ಮಣ್ಣಿಯವರಿಗೆ ಲಸಿಕೆ ಹಾಕಲಾಯಿತು. ಆಗ ಅರಮನೆಯ ಒಳಾಡಳಿತವು ಮಹಾರಾಜರ ಅಜ್ಜಿಯವರಾದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರದು. ಹೈದರ್-ಟಿಪ್ಪುಗಳ ಕಾಲದ ಉದ್ದಕ್ಕೂ ತಮ್ಮ ಮನೆತನದ ಹಕ್ಕನ್ನು ಬಿಡದೆ ಕಾದ ಆ ವೃದ್ಧ ತಾಯಿ ಸಿಡುಬಿನ ಕ್ರೌರ್ಯವನ್ನು ತಮ್ಮ ಮನೆಯಲ್ಲಿಯೇ ಕಂಡವರು. ರೆಸಿಡೆಂಟರಾಗಿದ್ದವರು ಮುಂದೆ ಮೈಸೂರಿನ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸರು. ರಾಜ್ಯದ ಸಮಸ್ತ ಆಡಳಿತವೂ ಪೂರ್ಣಯ್ಯನವರ ಕೈಯಲ್ಲಿತ್ತು. ಅವರ ಸಮ್ಮತಿಯಿಲ್ಲದೆ ಇಂಥ ಕಾರ್ಯವು ನಡೆಯುವಂತಿರಲಿಲ್ಲ, ನಡೆದುದು ಪ್ರಜೆಗಳಿಗೆ ತಿಳಿಯುವಂತೆಯೂ ಇರಲಿಲ್ಲ. ಆಚಾರನಿಷ್ಠರಾದ ಬ್ರಾಹ್ಮಣ ದಿವಾನರು ಶಾಸ್ತ್ರದ ನೆಪವೊಡ್ಡಿ ಅದನ್ನು ತಡೆಯಬಹುದಾಗಿತ್ತು, ಅವರು ತಡೆಯಲಿಲ್ಲ. ರಾಣಿಯವರ ಲಸಿಕೆಯಿಂದ ಪ್ರಜೆಗಳ ಮೇಲೆ ಒಳ್ಳೆಯ ಪರಿಣಾಮವಾಗಿ ಅನೇಕರು ಲಸಿಕೆಗೆ ಮುಂದೆ ಬಂದರೆಂಬುದನ್ನು 1806ನೆಯ ಜುಲೈ ತಿಂಗಳ ದಾಖಲೆಯು ತಿಳಿಸುತ್ತದೆ.

ಆ ಕಾಲದಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಚಿತ್ರಕಾರ ಥಾಮಸ್ ಹಿಕ್ಕಿಯು ಬರೆದ ಮೂವರು ಸ್ತ್ರೀಯರ ಒಂದು ವರ್ಣಚಿತ್ರವಿದೆ. ಬಲಗಡೆಯ ಕಿರಿಯಳು ಸೆರಗನ್ನು ಕೈಯಿಂದ ಸರಿಸಿ ತನ್ನ ತೋಳಿನ ಕಡೆಗೆ ನೋಡುವವರ ಗಮನವನ್ನು ಸೆಳೆಯುತ್ತಾಳೆ. ಇವರು ಮೈಸೂರಿನ ರಾಣಿಯರೆಂದೂ, ಆ ಕಿರಿಯಳೇ ದೇವಾಜಮ್ಮಣ್ಣಿಯೆಂದೂ, ಲಸಿಕೆಯ ಪ್ರಚಾರಕ್ಕಾಗಿಯೇ ಈ ಚಿತ್ರವಾಯಿತೆಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರು ವಾದಿಸಿದ್ದಾರೆ. ಪರಪುರುಷರ ಕಣ್ಣಿಗೆ ಬೀಳದ ರಾಣಿವಾಸದವರು ಚಿತ್ರಕಾರನ ಮುಂದೆ ತೋಳನ್ನು ತೋರಿ ನಿಂತರೆಂದರೆ ಅದು ಸಾಮಾನ್ಯವಾದ ಸಂಗತಿಯಲ್ಲ.

ಕುಂಪಣಿಯವರು ಇದರ ಕೀರ್ತಿಯನ್ನು ತಮ್ಮ ದಯಾಪರತೆಯ ಲೆಕ್ಕಕ್ಕೆ ಬರೆದುಕೊಂಡರು. ಲಸಿಕೆಯು ಹೊರಗಿನಿಂದ ಬಂದುದು ನಿಜ. ಅದನ್ನು ತಂದ ವೈದ್ಯರ ಶ್ರಮವೂ ನಿಜ. ಜ್ಞಾನಕ್ಕೆ ದೇಶಾಭಿಮಾನದ ಬೇಲಿಯನ್ನು ಹಾಕುವವರು ನಾವಲ್ಲ. ಆದರೆ ಸರಕಾರದ ಡಂಗುರದಿಂದ ಆಗದ ಕೆಲಸವು ಅರಮನೆಯ ಒಂದು ತೋಳಿನಿಂದ ಆಯಿತೆಂಬುದೂ ಅಷ್ಟೇ ನಿಜ. ಲೋಕದ ಹಳೆಯ ರೂಢಿಯು ಮೈಸೂರಿನಲ್ಲಿ ತಲೆಕೆಳಗಾಯಿತು. ತೋಟಗಾರನ ಮಗನನ್ನು ಹುಡುಕಿ ತರದೆ, ದೊರೆಯ ಮನೆಯವರು ತಮ್ಮ ಸೊಸೆಯನ್ನೇ ಮುಂದಿಟ್ಟರು. ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು: ಆ ಬಾಲಿಕೆಯ ಇಷ್ಟವನ್ನು ಯಾರೂ ಬರೆದಿಡಲಿಲ್ಲ. ಹಿರಿಯರು ನಿಶ್ಚಯಿಸಿದರು, ಆಕೆ ತೋಳು ನೀಡಿದಳು. ಮೈಸೂರಿನ ಅದೆಷ್ಟೋ ಮಕ್ಕಳ ಪ್ರಾಣವು ಆಕೆಗೆ ಋಣಿಯಾಗಿದೆ. ಆದರೆ ಸೇತುವೆಗೆ ಗವರ್ನರನ ಹೆಸರು ದೊರೆತಂತೆ ಆಕೆಯ ಹೆಸರು ಯಾವುದಕ್ಕೂ ದೊರೆಯಲಿಲ್ಲ.

ಪೂರ್ಣಯ್ಯನವರ ಸೇವೆಗಾಗಿ 1807ರಲ್ಲಿ ಯಳಂದೂರು ಜಹಗೀರಿಯಾಗಿ ದೊರೆಯಿತು. ಆದರೆ ಅಧಿಕಾರದ ಕೊನೆಯ ದಿನಗಳು ಸುಖವಾಗಿರಲಿಲ್ಲ. ಪ್ರಾಯಕ್ಕೆ ಬಂದ ಮಹಾರಾಜರು ತಾವೇ ಆಳಬಯಸಿದರು. ದೀರ್ಘಕಾಲ ಸರ್ವಾಧಿಕಾರವನ್ನು ನಡೆಯಿಸಿದ ವೃದ್ಧರಿಗೆ ಅದನ್ನು ಬಿಡುವುದು ಕಷ್ಟವಾಯಿತು. ವಿರಸವು ಬೆಳೆದು, 1811ರಲ್ಲಿ ಅವರು ಅಧಿಕಾರವನ್ನು ಬಿಟ್ಟು ಶ್ರೀರಂಗಪಟ್ಟಣದಲ್ಲಿ ನೆಲಸಿದರು. 1812ನೆಯ ಮಾರ್ಚಿಯಲ್ಲಿ ಅಲ್ಲಿಯೇ ದಿವಂಗತರಾದರು. ಜಹಗೀರಿಯು ವಂಶದಲ್ಲಿ ಮುಂದುವರಿಯಿತು. ಅದೇ ವಂಶದ ಸರ್ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು.

ಪೂರ್ಣಯ್ಯನವರು ಗತಿಸಿದ ಮೇಲೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸಿಡುಬು ನಮ್ಮೊಡನಿತ್ತು. 1974ರ ಪಿಡುಗಿನಲ್ಲಿ ಕೂಡ ಬಿಹಾರ, ಒರಿಸ್ಸ, ಬಂಗಾಳಗಳಲ್ಲಿ ಸಾವಿರಗಟ್ಟಲೆ ಜನರು ಮಡಿದರು. ಮನೆಮನೆಯನ್ನೂ ಹುಡುಕಿ, ರೋಗಿಯ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿದ ಮೇಲೆ 1975ರಲ್ಲಿ ಭಾರತದ ಕೊನೆಯ ರೋಗಿಯನ್ನು ಕಂಡೆವು. 1977ರಲ್ಲಿ ದೇಶವು ಸಿಡುಬಿನಿಂದ ಮುಕ್ತವಾಯಿತೆಂದು ತಜ್ಞರು ಒಪ್ಪಿದರು. 1980ನೆಯ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆಯು ಇಡೀ ಲೋಕದಿಂದಲೇ ಅದು ತೊಲಗಿತೆಂದು ಸಾರಿತು. ಮಾರಮ್ಮನ ಹಬ್ಬವು ನಮ್ಮ ಊರುಗಳಲ್ಲಿ ನಡೆಯುತ್ತಲೇ ಇದೆ, ಆದರೆ ಆ ಭಯವಿಲ್ಲದೆ.

ಇದೆಲ್ಲ ಹಳೆಯ ಕಥೆಯೆಂದು ವಾಚಕರು ಭಾವಿಸದಿರಲಿ. 2020ರಲ್ಲಿ ಕೋವಿಡ್ ಬಂದಾಗ ಲೋಕವು ಅದೇ ಪ್ರಶ್ನೆಗಳನ್ನು ಮತ್ತೊಮ್ಮೆ ಎದುರಿಸಿತು. ಶ್ವಾಸಕೋಶದ ರೋಗವೆಂದು ತೋರಿದ ಅದು ರಕ್ತನಾಳಗಳಲ್ಲಿ ಹೆಪ್ಪುಗಟ್ಟಿಸಿ ಹೃದಯವನ್ನೂ ಘಾತಿಸುವುದೆಂಬುದು ರೋಗಿಗಳ ಅಧ್ಯಯನದಿಂದಲೇ ತಿಳಿಯಿತು. ಅಗ್ಗದ ಡೆಕ್ಸಾಮೆಥಾಸೋನ್ ಔಷಧವು ಕೃತಕ ಉಸಿರಾಟದಲ್ಲಿದ್ದವರ ಸಾವನ್ನು ಸುಮಾರು ಮೂರರಲ್ಲಿ ಒಂದು ಪಾಲಿನಷ್ಟು ತಗ್ಗಿಸುವುದೆಂದು ಅದೇ ಜೂನಿನಲ್ಲಿ ಸಿದ್ಧವಾದುದು, ಸಾವಿರಾರು ರೋಗಿಗಳು ಪರೀಕ್ಷೆಗೆ ಒಪ್ಪಿ ಸೇರಿದುದರಿಂದ. ಕೆಲವು ಲಸಿಕೆಗಳಿಂದ ಅತಿವಿರಳವಾಗಿ ರಕ್ತ ಹೆಪ್ಪುಗಟ್ಟುವುದನ್ನೂ, ಮತ್ತೆ ಕೆಲವುಗಳಿಂದ ತರುಣರಲ್ಲಿ ವಿರಳವಾಗಿ ಹೃದಯದ ಸ್ನಾಯುವಿಗೆ ಉರಿಯೂತವಾಗುವುದನ್ನೂ ವೈದ್ಯರು ಮುಚ್ಚಿಡದೆ ಪ್ರಕಟಿಸಿದರು. ಹೀಗೆ ಪ್ರಕಟಿಸಿದುದರಿಂದ ಲಸಿಕೆಯ ಮಾನವು ಕುಂದಲಿಲ್ಲವೆಂದೇ ನಮ್ಮ ಮತ. 2021ರಲ್ಲಿ ನಮ್ಮ ಜಿಲ್ಲೆಯ ಸೋಲಿಗರ ಪೋಡುಗಳಲ್ಲಿ ಲಸಿಕೆಗೆ ಹಿಂಜರಿಕೆ ಕಂಡುಬಂದಾಗ, ಆ ಜನರನ್ನು ಅಜ್ಞರೆಂದು ಜರೆದವರಿಗೆ ಪೂರ್ಣಯ್ಯನವರ ಕಾಲದ ಮೈಸೂರು ನೆನಪಾಗಬೇಕಾಗಿತ್ತು.

ಪೂರ್ಣಯ್ಯನವರ ಗುಣದೋಷಗಳನ್ನು ತೂಗುವ ಕೆಲಸವನ್ನು ಇತಿಹಾಸಕಾರರು ಮುಂದುವರಿಸಲಿ. ಅಧಿಕಾರದಲ್ಲಿರುವ ನಮ್ಮ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಯಾವುದನ್ನು ಜನರು ಸ್ವೀಕರಿಸಬೇಕೆಂದು ತಾವು ಆಜ್ಞೆ ಮಾಡುವರೋ ಅದನ್ನು ಮೊದಲು ತಮ್ಮ ಮನೆಯವರು ಸ್ವೀಕರಿಸುವಂತೆ ನೋಡಿಕೊಳ್ಳಲಿ, ಅದರಲ್ಲಿರುವ ಕೆಡುಕನ್ನೂ ಒಳಿತಿನೊಡನೆಯೇ ತಿಳಿಸಲಿ. ಬಂಡಳ್ಳಿಯ ತಾಯಿಯು ಆಗ ತನ್ನ ಮಗುವನ್ನು ತಾನೇ ಎತ್ತಿಕೊಂಡು ಬರುತ್ತಾಳೆ.